ಹಸಿವಿಲ್ಲದ ಮೀನಿಗೆ ಎಂಥ ಎರೆ? ಸಿಯಾಟಲ್‌ನ ಸಾಲ್ಮನ್ ದಿನಚರಿ, 2025

ಜುಲೈ 26, ಶನಿವಾರ

ಈ ವರ್ಷ ಬೆಸ ಸಂಖ್ಯೆಯ ವರ್ಷ. ಸಿಯಾಟಲ್ ಸುತ್ತಮುತ್ತ ಗಾಳ ಹಾಕುವವರಿಗೆ ಇಷ್ಟು ಹೇಳಿದರೆ ಸಾಕು, ಕಣ್ಣು ಅರಳುತ್ತದೆ. ಪಿಂಕ್ ಸಾಲ್ಮನ್ ಹುಟ್ಟಿ, ಸಮುದ್ರಕ್ಕೆ ಹೋಗಿ, ಬೆಳೆದು, ಮೊಟ್ಟೆ ಇಡಲು ಅದೇ ನದಿಗೆ ವಾಪಸ್ ಬರುವುದಕ್ಕೆ ಎರಡು ವರ್ಷ ಬೇಕು. ಸಿಯಾಟಲ್ ಪಕ್ಕದ ಸಮುದ್ರದ ಕೊಲ್ಲಿ ಪ್ಯೂಜೆಟ್ ಸೌಂಡ್‌ಗೆ ಸೇರುವ ನದಿಗಳಲ್ಲಿ ಬೆಸ ವರ್ಷಗಳಲ್ಲೇ ಅವು ದಂಡುಗಟ್ಟಿ ಬರುವುದು. ಈ ಸಲ 77 ಲಕ್ಷಕ್ಕೂ ಹೆಚ್ಚು ಬರುತ್ತವೆ ಎಂದು ವಾಷಿಂಗ್ಟನ್ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆ ಅಂದಾಜು ಮಾಡಿದೆ.

2023ರಲ್ಲಿ ಆರು ಸಲ ದಡಕ್ಕೆ ಹೋಗಿ ಒಂದೂ ಮೀನು ಸಿಗದೆ ಬಂದೆ. ಆಗ ಅಂಗಡಿಯಲ್ಲಿ ಕಂಡದ್ದನ್ನೆಲ್ಲ ಕೊಂಡು, ಹತ್ತು ನಿಮಿಷಕ್ಕೊಂದು ಬದಲಾಯಿಸುತ್ತಿದ್ದೆ. ಈ ಸಲ ಹಾಗೆ ಮಾಡುವುದಿಲ್ಲ. ಒಂದು ದಿನಕ್ಕೆ ಒಂದೇ ಕಟ್ಟು. ಏನು ಕಟ್ಟಿದೆ, ಹೇಗೆ ಎಳೆದೆ, ಏನಾಯಿತು, ಎಲ್ಲ ಇಲ್ಲಿ ಬರೆಯುತ್ತೇನೆ.

ಇವತ್ತು ಬರೀ ತಯಾರಿ. ಒಂಬತ್ತು ಅಡಿಯ ರಾಡ್. ರೀಲಿಗೆ 30 ಪೌಂಡಿನ ಹೆಣೆದ ದಾರ, ತುದಿಗೆ 15 ಪೌಂಡಿನ ಫ್ಲೋರೋಕಾರ್ಬನ್. ನಮ್ಮೂರಲ್ಲಿ ಎಲ್ಲದಕ್ಕೂ ತಂಗೂಸಿ ಎಂಬ ಒಂದೇ ಹೆಸರು. ಲ್ಯೂರ್, ಅಂದರೆ ನಕಲಿ ಎರೆ, ಬಝ್ ಬಾಂಬ್ ಎಂಬುದು, ಗುಲಾಬಿ ಬಣ್ಣದ್ದು. ವಜ್ರದ ಆಕಾರದ ಸೀಸದ ತುಂಡು, ನಡುವೆ ಉದ್ದಕ್ಕೂ ತೂತು. ದಾರವನ್ನು ಆ ತೂತಿನಲ್ಲಿ ತೂರಿಸಿ, ಕೆಳಗೆ ಒಂದು ರಬ್ಬರ್ ಹಾಕಿ, ಆಮೇಲೆ ಗಾಳ ಕಟ್ಟುವುದು. ರಬ್ಬರ್ ಇಲ್ಲದಿದ್ದರೆ ಸೀಸ ಬಡಿದು ಬಡಿದು ಗಂಟು ಸವೆಯುತ್ತದೆ.

ಅದರ ಜೊತೆ ಬರುವುದು ಮೂರು ಕೊಕ್ಕೆಯ ಗಾಳ. ಇಲ್ಲಿ ಸಮುದ್ರದಲ್ಲಿ ಸಾಲ್ಮನ್ ಹಿಡಿಯಲು ಒಂದೇ ಮೊನೆ ಇರಬೇಕು, ಮೊನೆಯ ಹಿಂದೆ ಮೀನು ಜಾರದಂತೆ ತಡೆಯುವ ಮುಳ್ಳು ಇರಕೂಡದು. ಹಾಗಾಗಿ ಅದನ್ನು ತೆಗೆದು ಒಂಟಿ ಕೊಕ್ಕೆ ಹಾಕಿದೆ. ಇಕ್ಕಳದಲ್ಲಿ ಮುಳ್ಳನ್ನು ಒತ್ತಿ ಮಟ್ಟ ಮಾಡಿದೆ. ಹಳೇ ಬನಿಯನ್ನಿಗೆ ಚುಚ್ಚಿ ಹಿಂದಕ್ಕೆ ಎಳೆದು ನೋಡಿದೆ. ಸಿಕ್ಕಿಕೊಳ್ಳದೆ ಬಂತು. ಸರಿ ಇದೆ.

ಆಗಸ್ಟ್ 9, ಶನಿವಾರ

ವೆಸ್ಟ್ ಸಿಯಾಟಲ್‌ನ ಲಿಂಕನ್ ಪಾರ್ಕ್. ಬೆಳಿಗ್ಗೆ ಐದಕ್ಕೆ ಹೋದರೂ ದಡದ ಉದ್ದಕ್ಕೂ ಜನ. ಎಲ್ಲರ ದಾರದ ತುದಿಯಲ್ಲೂ ಗುಲಾಬಿ. ಪಿಂಕ್ ಮೀನು ಸಮುದ್ರದಲ್ಲಿ ತಿನ್ನುವುದು ಹೆಚ್ಚಾಗಿ ಕ್ರಿಲ್‌ನಂಥ ಸೀಗಡಿಯ ಹಾಗಿರುವ ಕೆಂಪು ಬಣ್ಣದ ಸಣ್ಣ ಸಣ್ಣ ಜೀವಿಗಳನ್ನು. ಅದಕ್ಕೇ ಚಿಕ್ಕದು, ಗುಲಾಬಿ ಬಣ್ಣದ್ದು ಬೇಕು ಎಂದು ಇಲ್ಲಿನವರು ಹೇಳುತ್ತಾರೆ.

ಎರಡು ಗಂಟೆ ಎಸೆದೆ, ಎಳೆದೆ. ಏನೂ ಇಲ್ಲ. ನನ್ನ ಎಡಕ್ಕೆ ನಿಂತಿದ್ದ ಫಿಲಿಪ್ಪೀನ್ಸ್ ಕಡೆಯ ಹಿರಿಯರೊಬ್ಬರು ಅಷ್ಟರಲ್ಲಿ ಮೂರು ಹಿಡಿದಿದ್ದರು. ಅದೇ ಲ್ಯೂರ್, ಅದೇ ಬಣ್ಣ. ಕೊನೆಗೆ ಅವರೇ ನನ್ನ ಹತ್ತಿರ ಬಂದು ರೀಲಿನ ಹಿಡಿ ಮೇಲೆ ಕೈ ಇಟ್ಟು ನಿಲ್ಲಿಸಿದರು. "ನಿಧಾನ. ಇನ್ನೂ ನಿಧಾನ. ನಿನಗೇ ಬೇಜಾರಾಗುವಷ್ಟು ನಿಧಾನ."

ಅವರು ಮಾಡುತ್ತಿದ್ದದ್ದು ಇಷ್ಟೇ. ರಾಡ್ ಮೆಲ್ಲಗೆ ಮೇಲೆತ್ತುವುದು, ತುದಿ ಇಳಿಸಿ ಲ್ಯೂರ್ ಬೀಳಲು ಬಿಡುವುದು, ಸಡಿಲವಾದಷ್ಟೇ ದಾರ ಸುತ್ತುವುದು. ಬಝ್ ಬಾಂಬ್ ಕೆಲಸ ಮಾಡುವುದು ಬೀಳುವಾಗ. ತಿರುಗುತ್ತಾ, ಅದುರುತ್ತಾ ಇಳಿಯುತ್ತದೆ. ನಾನು ಬೀಳಲು ಬಿಟ್ಟೇ ಇರಲಿಲ್ಲ ಅಲ್ವಾ!

ಎಂಟೂವರೆಗೆ ಬೀಳುವ ಹೊತ್ತಿನಲ್ಲೇ ಒಂದು ಹಿಡಿಯಿತು. ದಡಕ್ಕೆ ಹತ್ತು ಅಡಿ ಇರುವಾಗ ದಾರ ಸಡಿಲ ಬಿಟ್ಟೆ, ಹೋಯಿತು. ಮುಳ್ಳಿಲ್ಲದ ಗಾಳದಲ್ಲಿ ದಾರ ಒಂದು ಕ್ಷಣವೂ ಸಡಿಲವಾಗಬಾರದು.

ಆಗಸ್ಟ್ 16, ಶನಿವಾರ

ಎರಡು ಮೀನು! ಒಂದೊಂದೂ ನಾಲ್ಕು ಪೌಂಡ್ ಹತ್ತಿರ. ಬಾಲದ ಮೇಲೆ ದೊಡ್ಡ ಮೊಟ್ಟೆಯಾಕಾರದ ಕಪ್ಪು ಚುಕ್ಕೆಗಳು, ಮೈಮೇಲೆ ತೀರಾ ಸಣ್ಣ ಹುರುಪೆ. ಪಿಂಕ್ ಗುರುತು ಹಿಡಿಯಲು ಇಷ್ಟು ಸಾಕು. ಹಿಡಿದ ತಕ್ಷಣ ಮೀನಿನ ಲೆಕ್ಕ ಬರೆಯುವ ಕಾರ್ಡಿನಲ್ಲಿ ಬರೆದೆ. ಕಿವಿರು ಕತ್ತರಿಸಿ ರಕ್ತ ಬಸಿದು ಐಸಿಗೆ ಹಾಕಿದೆ. ಈ ಮೀನಿನ ಮಾಂಸ ಮೆತ್ತಗೆ, ಬಿಸಿಲಲ್ಲಿ ಬಿಟ್ಟರೆ ಕೆಲಸಕ್ಕೆ ಬರುವುದಿಲ್ಲ.

ಮನೆಯಲ್ಲಿ ಸಿಗಿಯುವಾಗ ಎರಡರ ಹೊಟ್ಟೆಯನ್ನೂ ಬಿಡಿಸಿ ನೋಡಿದೆ. ಒಂದರಲ್ಲಿ ಒಂದು ಚಮಚದಷ್ಟು ಕೆಂಪು ಗಂಜಿ. ನೀರಿಗೆ ಹಾಕಿ ಅಲ್ಲಾಡಿಸಿದರೆ ಒಣ ಸೀಗಡಿ ಪುಡಿಯ ಹಾಗೆ ಸಣ್ಣ ಕಾಲು, ಕರಿ ಕಣ್ಣುಗಳು ತೇಲಿದವು. ಇನ್ನೊಂದರ ಹೊಟ್ಟೆ ಪೂರ್ತಿ ಖಾಲಿ. ಖಾಲಿ ಅಂದರೆ ಸುಕ್ಕು ಹಿಡಿದ ಬಲೂನಿನ ಹಾಗೆ.

ರಾತ್ರಿ ತೀರ್ಥಹಳ್ಳಿಗೆ ಫೋನ್ ಮಾಡಿ ಅಪ್ಪಯ್ಯನಿಗೆ ಹೇಳಿದೆ. "ಎಂಥ ಎರೆ ಹಾಕಿದ್ದೆ ಮಾರಾಯ?" ಅಂದರು. ಎರೆ ಇಲ್ಲ, ಬಣ್ಣದ ಸೀಸ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು, "ಅದು ಹೊಳೆ ಹತ್ತುಕ್ಕೆ ಬಂದ ಮೀನಲ್ಲನಾ? ಹತ್ತುಮೀನಿಗೆ ಹಸಿವು ಎಲ್ಲಿರುತ್ತೆ? ನಾವು ಯಾವತ್ತಾದರೂ ಹತ್ತುಮೀನಿಗೆ ಗಾಳ ಹಾಕಿದ್ದೀವಾ?"

ಹೌದಲ್ಲ! ಮುಂಗಾರಿನ ಮೊದಲ ನೆರೆಗೆ ತುಂಗೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನು ಹತ್ತುತ್ತವೆ, ಮೊಟ್ಟೆ ಇಡಲು. ಆಗ ಕೂಣಿ, ಅಂದರೆ ಮೀನು ಹಿಡಿಯುವ ಬುಟ್ಟಿ, ಒಡ್ಡುತ್ತಿದ್ದೆವು, ಲಾಟೀನು ಹಿಡಿದು ಕತ್ತಿಯಲ್ಲಿ ಕಡಿಯುತ್ತಿದ್ದೆವು. ಎರೆಹುಳು ಚುಚ್ಚಿ ಕೂರುವುದು ನೆರೆ ಇಳಿದ ಮೇಲೆ.

ಸಾಲ್ಮನ್ ಕೂಡ ನದಿ ಹತ್ತಿರವಾದಂತೆ ತಿನ್ನುವುದನ್ನು ಬಿಡುತ್ತದೆ. ಸಿಹಿನೀರಿಗೆ ಬಂದ ಮೇಲೆ ಮೈಯಲ್ಲಿ ಕೂಡಿಟ್ಟ ಕೊಬ್ಬಿನಲ್ಲೇ ಮೇಲೆ ಹತ್ತುತ್ತದೆ. ಹಾಗಾದರೆ ಎರೆ ಆರಿಸುವಾಗ ಮೀನು ಏನು ತಿನ್ನುತ್ತದೆ ಎಂದು ಮೊದಲೇ ಕೇಳಬಾರದು. ಮೊದಲು ಕೇಳಬೇಕಾದ್ದು, ಇದು ಇನ್ನೂ ತಿನ್ನುತ್ತಿದೆಯಾ, ಬಿಟ್ಟಿದೆಯಾ? ಎರಡು ವರ್ಷದಿಂದ ನನಗೆ ಹೊಳೆಯದಿದ್ದದ್ದು ಅಪ್ಪಯ್ಯನಿಗೆ ಒಂದು ನಿಮಿಷಕ್ಕೆ ಹೊಳೆಯಿತು.

ಆಗಸ್ಟ್ 30, ಶನಿವಾರ

ಕಳೆದ ವಾರ ಮತ್ತು ಈ ವಾರ ಹೊಸ ಕಟ್ಟು. ಮೇಲೆ ಒಂದು ಔನ್ಸಿನ ಸೀಸ, ಅಲ್ಲಿಂದ ಎರಡು ಅಡಿ ದಾರ, ತುದಿಯಲ್ಲಿ ಬೆರಳುದ್ದದ ಗುಲಾಬಿ ಹೂಚಿ. ಹೂಚಿ ಅಂದರೆ ರಬ್ಬರಿನ ಬೊಂಡಾಸದ (ಸ್ಕ್ವಿಡ್) ಮರಿ, ಒಳಗೆ ಗಾಳ. ಇದನ್ನು ಎತ್ತಿ ಇಳಿಸುವುದು ಬೇಡ, ಸುಮ್ನೆ ಒಂದೇ ಸಮನೆ ನಿಧಾನ ಎಳೆದರೆ ಕಾಲುಗಳು ತಾವೇ ಆಡುತ್ತವೆ.

ಎರಡು ವಾರಕ್ಕೆ ಐದು ಮೀನು. ಬಝ್ ಬಾಂಬಿಗಿಂತ ಜಾಸ್ತಿ. ಆದರೆ ಗಾಳಿ ಬಂದಾಗ ಇದು ದೂರ ಹೋಗುವುದಿಲ್ಲ, ಎಸೆಯುವಾಗ ದಾರಕ್ಕೆ ಸುತ್ತಿಕೊಳ್ಳುತ್ತದೆ. ಮೀನು ದಡಕ್ಕೆ ಹತ್ತಿರ ಇದ್ದರೆ ಹೂಚಿ, ದೂರದಲ್ಲಿ ಹಾರುತ್ತಿದ್ದರೆ ಬಝ್ ಬಾಂಬ್. ಇಷ್ಟಕ್ಕೆ ಬಂದು ನಿಂತಿದ್ದೇನೆ.

ಹೆಣ್ಣು ಮೀನಿನ ಮೊಟ್ಟೆಯನ್ನು ಎಸೆಯಲಿಲ್ಲ. ಅಡಿಕೆ ಗಾತ್ರಕ್ಕೆ ಕತ್ತರಿಸಿ ಉಪ್ಪು, ಸಕ್ಕರೆ, ಬಿಳಿಗಾರ ಹಾಕಿ ಒಂದು ದಿನ ಬಿಟ್ಟೆ. ಮೊದಲು ನೀರು ಬಿಟ್ಟುಕೊಂಡಿತು, ಆಮೇಲೆ ಕಾಳು ಕಾಳಾಗಿ ಗಟ್ಟಿಯಾಯಿತು. ನದಿಯಲ್ಲಿ ಗಾಳ ಹಾಕುವವರ ಮುಖ್ಯ ಎರೆ ಇದೇ. ಹಸಿವಿಲ್ಲದ ಮೀನು ಕೂಡ ತೇಲಿ ಬಂದ ಮೊಟ್ಟೆಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ನಾನು ನದಿಗೆ ಹೋಗುವವನಲ್ಲ, ಡಬ್ಬಿ ಗೆಳೆಯನಿಗೆ ಕೊಟ್ಟೆ. ಬಿಳಿಗಾರ ಹಾಕಿದ್ದು ಎಂದು ಮುಚ್ಚಳದ ಮೇಲೆ ದೊಡ್ಡದಾಗಿ ಬರೆದೆ, ಯಾರೂ ಬಾಯಿಗೆ ಹಾಕಬಾರದು.

ಸೆಪ್ಟೆಂಬರ್ 13, ಶನಿವಾರ

ಸಹೋದ್ಯೋಗಿಯ ದೋಣಿಯಲ್ಲಿ ಪೊಸೆಷನ್ ಬಾರ್, ವಿಡ್ಬಿ ದ್ವೀಪದ ದಕ್ಷಿಣದ ತುದಿ. ಈಗ ಕೋಹೋ ಸಾಲ್ಮನ್ ಕಾಲ. ಇದು ಇಲ್ಲಿಗೆ ಬಂದ ಮೇಲೂ ಚೆನ್ನಾಗಿ ತಿನ್ನುತ್ತಿರುತ್ತದೆ. ಹಾಗಾಗಿ ನಿಜವಾದ ಎರೆ, ಹೆರಿಂಗ್ ಎಂಬ ಸಣ್ಣ ಮೀನು.

ಹಿಂದಿನ ರಾತ್ರಿಯೇ ಹೆರಿಂಗನ್ನು ಕಲ್ಲುಪ್ಪಿನ ನೀರಿನಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟಿದ್ದೆ. ಬೆಳಿಗ್ಗೆ ಮುಟ್ಟಿದರೆ ಮೈ ಗಟ್ಟಿ, ಹುರುಪೆ ಒಂದೂ ಉದುರಿರಲಿಲ್ಲ. ಉಪ್ಪು ಹಾಕದ್ದನ್ನು ಗಾಳಕ್ಕೆ ಚುಚ್ಚಿದರೆ ಹತ್ತು ನಿಮಿಷದಲ್ಲಿ ಹರಿದು ಹೋಗುತ್ತದೆ.

ಕತ್ತರಿಸುವುದರಲ್ಲೇ ಎಲ್ಲ ಇರುವುದು. ಕಿವಿರಿನ ಹಿಂದೆ ತಲೆಯನ್ನು ನೇರ ಕತ್ತರಿಸಬಾರದು, ಎರಡು ಕಡೆಗೂ ಓರೆ ಬರಬೇಕು. ಬೆನ್ನಿನಿಂದ ಹೊಟ್ಟೆಗೆ ಓರೆ, ಜೊತೆಗೆ ಕತ್ತಿಯನ್ನು ಪಕ್ಕಕ್ಕೂ ವಾಲಿಸಬೇಕು. ಆ ಓರೆ ಮುಖಕ್ಕೆ ನೀರು ತಾಗಿದಾಗ ಮೀನು ಬುಗುರಿಯ ಹಾಗೆ ಸುತ್ತುತ್ತದೆ. ಕರುಳನ್ನು ಬೆರಳಿನಲ್ಲಿ ತೆಗೆದು, ಎರಡು ಗಾಳದಲ್ಲಿ ಮೇಲಿನದನ್ನು ಕತ್ತರಿಸಿದ ಮುಖದ ಒಳಗಿನಿಂದ ಹೊರಕ್ಕೆ ತಂದೆ, ಕೆಳಗಿನದನ್ನು ಹಾಗೇ ಜೋತುಬಿಟ್ಟೆ. ಮೇಲೆ ಆರು ಅಡಿ ದಾರ, ಅದರ ಮೇಲೆ ಬಾಳೆಹಣ್ಣಿನ ಆಕಾರದ ಮೂರು ಔನ್ಸ್ ಸೀಸ. ಇಲ್ಲಿ ಇದಕ್ಕೆ ಮೂಚಿಂಗ್ ಎನ್ನುತ್ತಾರೆ.

ನೀರಿಗೆ ಬಿಡುವ ಮೊದಲು ದೋಣಿಯ ಪಕ್ಕದಲ್ಲೇ ಒಂದು ಸಲ ಎಳೆದು ನೋಡಬೇಕು. ನನ್ನ ಮೊದಲ ಮೂರು ತುಂಡುಗಳು ಸುತ್ತಲೇ ಇಲ್ಲ, ಸೌದೆ ತುಂಡಿನ ಹಾಗೆ ಬಂದವು. ನಾಲ್ಕನೆಯದು ಬಿಗಿಯಾಗಿ, ಚಕಚಕ ಸುತ್ತಿತು. ಕೋಹೋಗೆ ಆ ವೇಗವೇ ಬೇಕು. ಮೂವತ್ತು ಅಡಿ ಇಳಿಸಿ ಮೆಲ್ಲಗೆ ಮೇಲೆ ತರುವಾಗ ಹಿಡಿಯಿತು. ಪಿಂಕ್ ಆದರೆ ಸುಮ್ಮನೆ ಭಾರವಾಗಿ ಜೋತುಬೀಳುತ್ತದೆ. ಇದು ಹಾಗಲ್ಲ, ದೋಣಿಯ ಅಡಿಯಲ್ಲಿ ನುಗ್ಗಿತು, ಎರಡು ಸಲ ಪೂರ್ತಿ ನೀರಿನಿಂದ ಮೇಲೆ ಹಾರಿತು.

ಬೆನ್ನಿನ ಹಿಂದಿನ ಸಣ್ಣ ಕೊಬ್ಬಿನ ರೆಕ್ಕೆ ಇತ್ತು. ಹ್ಯಾಚರಿಯಲ್ಲಿ, ಅಂದರೆ ಮೀನುಮರಿ ಕೇಂದ್ರದಲ್ಲಿ, ಸಾಕಿ ಬಿಟ್ಟದ್ದಾದರೆ ಸಾಮಾನ್ಯವಾಗಿ ಅದನ್ನು ಕತ್ತರಿಸಿರುತ್ತಾರೆ. ರೆಕ್ಕೆ ಇದ್ದರೆ ಬಿಡುವುದು ಎಂದು ಮೊದಲೇ ಮಾತಾಗಿತ್ತು. ನೀರಿನಿಂದ ಎತ್ತದೆ, ಇಕ್ಕಳದಲ್ಲಿ ಗಾಳ ತಿರುಗಿಸಿದೆ. ಮುಳ್ಳಿಲ್ಲದ್ದರಿಂದ ತಕ್ಷಣ ಬಿಟ್ಟುಕೊಂಡಿತು. ಒಂದು ಗಳಿಗೆ ಅಲ್ಲೇ ನಿಂತು, ಬಾಲ ಬೀಸಿ ಕೆಳಗೆ ಹೋಯಿತು.

ಮಧ್ಯಾಹ್ನ ಇನ್ನೊಂದು ಸಿಕ್ಕಿತು, ರೆಕ್ಕೆ ಕತ್ತರಿಸಿದ್ದು, ಏಳು ಪೌಂಡ್. ಹೊಟ್ಟೆಯಲ್ಲಿ ಬೆರಳುದ್ದದ ನಾಲ್ಕು ಹೆರಿಂಗ್, ಒಂದು ಇನ್ನೂ ಹೊಳೆಯುತ್ತಿತ್ತು. ನನ್ನ ಎರೆ ಅದರ ಎರಡರಷ್ಟು ಉದ್ದ ಇತ್ತು. ಮುಂದಿನ ಸಲ ಸಣ್ಣ ಹೆರಿಂಗ್ ತರಬೇಕು.

ಅಕ್ಟೋಬರ್ 18, ಶನಿವಾರ

ಪಿಂಕ್ ಮುಗಿಯಿತು, ಮತ್ತೆ 2027ಕ್ಕೆ. ಮುಂದಿನದು ಚಮ್ ಸಾಲ್ಮನ್. ಹುಡ್ ಕೆನಾಲ್ ಎಂಬ ಸಮುದ್ರದ ಚಾಚಿನ ದಡದ ಹುಡ್ಸ್‌ಪೋರ್ಟ್‌ನಲ್ಲಿ ಹ್ಯಾಚರಿ ಎದುರಿಗೇ ನವೆಂಬರಿನಲ್ಲಿ ಬಂದು ತುಂಬಿಕೊಳ್ಳುತ್ತವೆ. ಉಪ್ಪುನೀರೇ ಆದರೂ ಮೊಟ್ಟೆಯಿಡುವ ಜಾಗದ ಬಾಗಿಲಿಗೆ ಬಂದು ನಿಂತ ಮೀನು. ಅಪ್ಪಯ್ಯನ ಲೆಕ್ಕದಲ್ಲಿ ಪೂರ್ತಿ ಹತ್ತುಮೀನು. ಇದನ್ನು ಎಳೆದು ಓಡಿಸಿ ಪ್ರಯೋಜನವಿಲ್ಲ, ಮೂಗಿನ ಮುಂದೆ ತಂದು ನಿಲ್ಲಿಸಬೇಕು.

ಅದಕ್ಕೆ ಬೆಂಡು. ದಾರದ ಮೇಲೆ ತಡೆಗಂಟು, ಒಂದು ಮಣಿ, ಜಾರುವ ಬೆಂಡು, ಸೀಸ, ಎರಡಡಿ ದಾರ, ಗಾಳ. ಗಾಳಕ್ಕೆ ಹೆರಿಂಗಿನ ತೆಳು ಪಟ್ಟಿ, ಇಲ್ಲದಿದ್ದರೆ ನೇರಳೆ ಬಣ್ಣದ ಸಣ್ಣ ಜಿಗ್, ಅಂದರೆ ತಲೆಗೆ ಸೀಸ ಕೂರಿಸಿದ ಗಾಳ. ಎರಡನ್ನೂ ಬೇರೆ ಬೇರೆ ದಿನ ಹಾಕಿ ನೋಡುತ್ತೇನೆ.

ಇವತ್ತು ಸಂಜೆ ಟಬ್ಬಿನಲ್ಲಿ ನೀರು ತುಂಬಿ ಬೆಂಡು ತೂಗಿಸಿದೆ. ಸೀಸ ಕಡಿಮೆಯಾದರೆ ಮಲಗುತ್ತದೆ, ಜಾಸ್ತಿಯಾದರೆ ಮುಳುಗುತ್ತದೆ. ಮಗಳು ಒಂದೊಂದೇ ಸೀಸದ ಗುಂಡು ಕೊಡುತ್ತಾ ಹೋದಳು. ಐದನೆಯದಕ್ಕೆ ನೆಟ್ಟಗೆ ನಿಂತಿತು, ಕೆಂಪು ತುದಿ ಮಾತ್ರ ನೀರಿನ ಮೇಲೆ. "ಅಪ್ಪ, ಮೀನು ಕಚ್ಚಿದರೆ ಹೇಗೆ ಗೊತ್ತಾಗುತ್ತೆ?" ಅಂದಳು. ನೀರಿನ ಕೆಳಗೆ ಕೈ ಹಾಕಿ ದಾರವನ್ನು ಮೆಲ್ಲಗೆ ಎಳೆದು ತೋರಿಸಿದೆ.