ದುಡ್ಡು ಕೊಟ್ಟವರು ಎಡಿಟ್ ರೂಮಿಗೆ ಬರಲ್ಲ

ಸಿನಿಮಾ ಮತ್ತು ಕಲೆ ಓದುವವರಿಗೆ ಇರುವ ಒಂದು ದತ್ತಿ ವಿದ್ಯಾರ್ಥಿವೇತನದಲ್ಲಿ ನಾನು ಮೆಂಟರ್. ಹೊಟ್ಟೆಪಾಡಿಗೆ ಮಾಡೋದು ಎಡಿಟಿಂಗ್. ಮೊನ್ನೆ ಒಬ್ಬ ಹುಡುಗಿ ತನ್ನ ಡಿಪ್ಲೊಮಾ ಚಿತ್ರದ ರಫ್ ಕಟ್, ಅಂದರೆ ಶಾಟ್‌ಗಳನ್ನು ಜೋಡಿಸಿದ ಮೊದಲ ಕರಡು, ಹಿಡಿದು ಬಂದಳು. ಕೂತ ತಕ್ಷಣ ಕೇಳಿದ್ದು ಚಿತ್ರದ ಬಗ್ಗೆ ಅಲ್ಲ. "ಸ್ಕಾಲರ್‌ಶಿಪ್ ಕೊಟ್ಟವರಿಗೆ ಇದು ಇಷ್ಟ ಆಗದಿದ್ರೆ?"

ಅವರು ನೋಡಬೇಕು ಅಂತಾನೇ ಇಲ್ಲ ಅಂದೆ. ದತ್ತಿನಿಧಿ ನಡೆಯುವ ರೀತಿ ವಿವರಿಸಿದೆ. ಯಾರೋ ಒಂದು ದೊಡ್ಡ ಮೊತ್ತ ಇಟ್ಟಿರುತ್ತಾರೆ. ಅಸಲು ಮುಟ್ಟುವ ಹಾಗಿಲ್ಲ. ಹೂಡಿಕೆಯಿಂದ ಬಂದದ್ದರಲ್ಲಿ ಒಂದು ಪಾಲು ಮಾತ್ರ ಹಂಚುತ್ತಾರೆ. ಎಷ್ಟೋ ನಿಧಿಗಳಲ್ಲಿ ಅದು ವರ್ಷಕ್ಕೆ ಒಟ್ಟು ಮೊತ್ತದ ಶೇ. 4ರಿಂದ 5 ಅಷ್ಟೇ. ಉಳಿದದ್ದು ವಾಪಸ್ ಅಸಲಿಗೆ ಸೇರುತ್ತದೆ, ಇಲ್ಲದಿದ್ದರೆ ಬೆಲೆ ಏರಿಕೆಯಲ್ಲಿ ನಿಧಿಯೇ ಸವೆದುಹೋಗುತ್ತದೆ. ಅದಕ್ಕೇ ಹೆಸರು ದೊಡ್ಡದು, ಕೈಗೆ ಸಿಗೋದು ಸಣ್ಣದು. ಫೀಸು ಕಟ್ಟಿ, ಶೂಟಿಂಗ್ ಮುಗಿಸಿ, ಸೌಂಡ್ ಮಿಕ್ಸಿಂಗ್ ಹೊತ್ತಿಗೆ ಜೇಬು ಖಾಲಿ. ವಿದ್ಯಾರ್ಥಿಗಳ ಚಿತ್ರ ಜಾಸ್ತಿ ಸೋಲೋದು ಅಲ್ಲೇ.

ಆದರೆ ಈ ದುಡ್ಡಿಗೆ ಒಂದು ಗುಣ ಇದೆ. ಬೆನ್ನ ಹಿಂದೆ ಕೂತು ಕ್ಲೈಮ್ಯಾಕ್ಸ್ ಬದಲಾಯಿಸಿ ಅನ್ನಲ್ಲ. ನಿರ್ಮಾಪಕರು ಅಂದೇ ಅನ್ನುತ್ತಾರೆ. ಹಾಗಂತ ಅಡ್ಡ ಮಾತಾಡೋರೇ ಇಲ್ಲದಿದ್ದರೂ ಕಷ್ಟ. ಆ ಕೆಲಸ ಮೆಂಟರ್ ತಲೆಗೆ ಬರುತ್ತದೆ, ಅದೂ ಯಾವ ಅಧಿಕಾರವೂ ಇಲ್ಲದೆ.

ಮೊದಲು ಸೌಂಡ್ ಆಫ್ ಮಾಡಿ ಪೂರ್ತಿ ನೋಡಿದೆವು. ಒಂದು ಶಾಟ್ ಹಿಡಿದು ನಿಲ್ಲಿಸಿತು. ಅಜ್ಜ ಕತ್ತಲಲ್ಲಿ ಗೋಡೆ ತಡವುತ್ತಾ ಸ್ವಿಚ್ ಹುಡುಕುತ್ತಾನೆ. ಬೆರಳು ಸ್ವಿಚ್ ಪಕ್ಕದಲ್ಲೇ ಹಾದುಹೋಗಿ, ಮತ್ತೆ ಹಿಂದಕ್ಕೆ ಬರುತ್ತದೆ. ಸೌಂಡ್ ಹಾಕಿದರೆ ಅದರ ಮೇಲೆ ಇವಳದೇ ವಾಯ್ಸ್ ಓವರ್: ಅಜ್ಜನಿಗೆ ಈಗ ಕಣ್ಣು ಕಾಣಲ್ಲ ಅಂತ. ಕೈ ಹೇಳಿ ಮುಗಿಸಿದ್ದನ್ನು ಬಾಯಿ ಯಾಕೆ ಹೇಳಬೇಕು? ಸ್ವಲ್ಪ ಮುಖ ಸಣ್ಣ ಮಾಡಿಕೊಂಡೇ ತೆಗೆದಳು.

ಆಮೇಲೆ ಕಟ್ ಎಲ್ಲಿ, ಅಂದರೆ ಆ ಶಾಟ್ ಎಲ್ಲಿ ಮುಗಿಸಬೇಕು ಅನ್ನೋ ಜಗಳ. ಬೆರಳು ಸ್ವಿಚ್ ಮುಟ್ಟಿದ ತಕ್ಷಣ ಅಂದೆ. ಅವಳು ಇನ್ನೂ 8 ಫ್ರೇಮ್ ಬೇಕು ಅಂದಳು. ಸೆಕೆಂಡಿಗೆ 24 ಫ್ರೇಮ್, ಅಂದರೆ ಸೆಕೆಂಡಿನ ಮೂರನೇ ಒಂದು ಭಾಗ. ಹೊರಗಿನವರಿಗೆ ಸುಮ್ನೆ ಹಠ ಅನ್ನಿಸುತ್ತದೆ. ಆದರೆ ಅಷ್ಟರಲ್ಲಿ ಬೆರಳು ಒತ್ತೋದಕ್ಕೆ ಹಿಂಜರಿಯುತ್ತದೆ. ಮುಂದಿನ ಶಾಟ್ ಮೊಮ್ಮಗಳ ಮುಖ, ಅದರಲ್ಲಿ ಯಾವ ಭಾವವೂ ಇಲ್ಲ. ಆ ಹಿಂಜರಿಕೆಯ ಬೆನ್ನಿಗೇ ಬಂದರೆ ಹೆದರಿದ ಹಾಗೆ ಕಾಣುತ್ತದೆ. ರಷ್ಯಾದ ನಿರ್ದೇಶಕ ಕುಲೆಶೋವ್ ಒಬ್ಬನೇ ನಟನ ಅದೇ ಮುಖವನ್ನು ಒಮ್ಮೆ ಸೂಪಿನ ತಟ್ಟೆಗೆ, ಒಮ್ಮೆ ಶವಪೆಟ್ಟಿಗೆಗೆ ಜೋಡಿಸಿ, ಒಮ್ಮೆ ಹಸಿವು, ಒಮ್ಮೆ ದುಃಖ ಕಾಣೋ ಹಾಗೆ ತೋರಿಸಿದ್ದೂ ಇದನ್ನೇ ಅಲ್ವಾ.

ನನಗೆ ಈಗಲೂ ನನ್ನ ಕಟ್ಟೇ ಇಷ್ಟ. ಚಿತ್ರದಲ್ಲಿ ಉಳಿದದ್ದು ಅವಳದು.

ಮಿಕ್ಸಿಂಗಿಗೆ ದುಡ್ಡು ಎಲ್ಲಿಂದ ಅನ್ನೋ ಪ್ರಶ್ನೆ ಹಾಗೇ ಇದೆ. ಬೇರೆ ಅರ್ಜಿ ಹಾಕಬೇಕು. ಪುಣ್ಯಕ್ಕೆ ಶೂಟಿಂಗ್ ದಿನ ಆ ಕೋಣೆಯ ರೂಮ್ ಟೋನ್, ಅಂದರೆ ಯಾರೂ ಮಾತಾಡದಾಗಿನ ಅಲ್ಲಿನ ಸದ್ದು, ಒಂದು ನಿಮಿಷ ರೆಕಾರ್ಡ್ ಮಾಡಿಟ್ಟಿದ್ದಳು. ಮಾತು ತೆಗೆದ ಜಾಗಕ್ಕೆ ಅದನ್ನೇ ಹಾಸಿದೆವು. ಅಷ್ಟು ಖರ್ಚು ಉಳಿಯಿತು.