ಕೋಳಿಗೆ ಕೆಂಪು ಬಿಲ್ಲೆಯ ಪಾಠ: ಎಲ್ಲಿಗೆ ಬಂತು

ಗುರಿ ಇಷ್ಟೇ: ಕೆಂಪು, ನೀಲಿ ಎರಡು ಬಿಲ್ಲೆ ಪಕ್ಕಪಕ್ಕ ಇಟ್ಟರೆ ಹೇಟೆ ಕೆಂಪನ್ನು ಮಾತ್ರ ಕುಕ್ಕಬೇಕು. ಕುಕ್ಕುವುದು ಬಂದಿದೆ, ಆರಿಸುವುದು ಇನ್ನೂ ಬಂದಿಲ್ಲ.

ಸಾಮಾನು: ಕ್ಲಿಕ್ಕರ್ (ಗುಂಡಿ ಒತ್ತಿದರೆ ‘ಕ್ಲಿಕ್’ ಎಂದು ಸದ್ದು ಮಾಡುವ ಸಣ್ಣ ಸಾಧನ), ಹಿಡಿಯಿರುವ ಸಣ್ಣ ಬಟ್ಟಲು, ಮೆಕ್ಕೆಜೋಳದ ನುಚ್ಚು, 4 ಸೆಂ.ಮೀ. ಅಗಲದ ಬಿಲ್ಲೆಗಳು, ರಬ್ಬರ್ ಹಾಸು ಹಾಕಿದ ಮೇಜು. ಬಿಲ್ಲೆಗಳನ್ನು ಅಂಟುಪಟ್ಟಿಯಿಂದ ಹಲಗೆಗೆ ಬಿಗಿ ಮಾಡಬೇಕು. ಕುಕ್ಕಿದಾಗ ಎಗರಿದರೆ ಕೋಳಿ ಬೆದರುತ್ತದೆ. ಪಾಠ ಬೆಳಗಿನ ಮೇವಿಗೆ ಮುಂಚೆ, ಒಂದು ಸಲಕ್ಕೆ 2 ನಿಮಿಷ. ಉಪವಾಸ ಕೆಡವುವ ಅಗತ್ಯವೇನಿಲ್ಲ.

ಕ್ಲಿಕ್ಕಿಗೆ ಬೆಲೆ ಬರಿಸುವುದು. ಮೊದಲು ಸದ್ದು, ಆಮೇಲೆ ಒಂದು ಸೆಕೆಂಡಿನೊಳಗೆ ಬಟ್ಟಲು. ಸದ್ದಿಗೆ ಮುಂಚೆ ಕೈ ಅಲ್ಲಾಡಿದರೆ ಕೆಟ್ಟಿತು. ಕೈ ಬಂದರೆ ಕಾಳು ಬರುತ್ತದೆಂದು ಕೋಳಿಗೆ ಮೊದಲೇ ಗೊತ್ತು. ಜೊತೆಗೆ ಬಂದ ಸದ್ದು ಹೊಸದೇನನ್ನೂ ಹೇಳುವುದಿಲ್ಲ. ಮನಶ್ಶಾಸ್ತ್ರಜ್ಞ ಲಿಯಾನ್ ಕಾಮಿನ್ 1960ರ ದಶಕದಲ್ಲಿ ಇಲಿಗಳ ಮೇಲೆ ತೋರಿಸಿದ್ದು ಇದನ್ನೇ: ಮೊದಲ ಸೂಚನೆ ಸಾಕಾಗಿದ್ದರೆ ಎರಡನೆಯದನ್ನು ಪ್ರಾಣಿ ಕಲಿಯುವುದಿಲ್ಲ.

ಕುಕ್ಕಿಸುವುದು. ಬಿಲ್ಲೆಯತ್ತ ನೋಡಿದರೆ ಕ್ಲಿಕ್, ಕತ್ತು ಚಾಚಿದರೆ ಕ್ಲಿಕ್, ಕೊನೆಗೆ ಕೊಕ್ಕು ತಾಗಿದರೆ ಮಾತ್ರ. 10ರಲ್ಲಿ 8 ಸರಿಯಾದರೆ ಮುಂದಿನ ಮೆಟ್ಟಿಲು; ಸಾಲಾಗಿ ಮೂರು ತಪ್ಪಿದರೆ ಒಂದು ಮೆಟ್ಟಿಲು ಕೆಳಗೆ. ಕೊಕ್ಕು ಇಳಿಯುತ್ತಿರುವಾಗಲೇ ಗುಂಡಿ ಒತ್ತಬೇಕು. ತಡವಾದರೆ ತಲೆ ಎತ್ತಿದ್ದಕ್ಕೆ ಕಾಳು ಕೊಟ್ಟಂತಾಗಿ, ಕೋಳಿ ಬಿಲ್ಲೆ ಮುಟ್ಟದೆ ಗಾಳಿಯಲ್ಲೇ ತಲೆ ಆಡಿಸತೊಡಗುತ್ತದೆ. ಮೊಬೈಲಿನ ನಿಧಾನಗತಿಯ ವಿಡಿಯೊ ನೋಡಿದರೆ ಈ ತಡ ಕಣ್ಣಿಗೆ ಬೀಳುತ್ತದೆ. ಇನ್ನೊಂದು: ನುಚ್ಚು ಹಾಸಿನ ಮೇಲೆ ಚೆಲ್ಲಬಾರದು, ಚೆಲ್ಲಿದರೆ ಕೆದಕಲು ಶುರು. ಕೆದಕುವುದು ಅದರ ಹುಟ್ಟುಗುಣ. ಬಹುಮಾನ ಕೊಟ್ಟು ಕಲಿಸಿದ್ದನ್ನೂ ಆ ಗುಣ ಬದಿಗೊತ್ತಬಲ್ಲದು ಎಂದು ಪ್ರಾಣಿ ತರಬೇತುದಾರ ದಂಪತಿ ಕೆಲ್ಲರ್ ಮತ್ತು ಮರಿಯನ್ ಬ್ರೆಲಂಡ್ 1961ರಲ್ಲೇ ಬರೆದಿದ್ದಾರೆ.

ಆರಿಸುವುದು. ನೀಲಿ ಸೇರಿಸಿದ ಮೇಲೆ ಅಂಕ 10ಕ್ಕೆ 5ರ ಆಸುಪಾಸಿನಲ್ಲೇ ನಿಂತಿದೆ. ಬಣ್ಣ ಕಾಣುತ್ತಿಲ್ಲ ಅಂದುಕೊಳ್ಳಬೇಡಿ, ಕೋಳಿಗಳ ಬಣ್ಣದ ನೋಟ ನಮಗಿಂತ ಚುರುಕು. ತಪ್ಪು-ಸರಿಗಳ ಜೊತೆಗೆ ಎಡ-ಬಲವನ್ನೂ ಬರೆದುಕೊಂಡಾಗ ಗುಟ್ಟು ರಟ್ಟಾಯಿತು: ಹೆಚ್ಚುಕಡಿಮೆ ಎಲ್ಲ ಕುಕ್ಕೂ ಬಲಗಡೆಗೇ. ಕೆಂಪು ಅರ್ಧ ಸಲ ಬಲಕ್ಕೆ ಇರುತ್ತದೆ, ಹಾಗಾಗಿ ಅರ್ಧ ಸಲ ಕಾಳು ಸಿಗುತ್ತದೆ. ಹೀಗೆ ಬಿಟ್ಟುಬಿಟ್ಟು ಸಿಗುವ ಬಹುಮಾನದಿಂದ ಬೇರುಬಿಟ್ಟ ಚಾಳಿ ಸುಲಭಕ್ಕೆ ಅಳಿಯುವುದಿಲ್ಲ. ಕೋಳಿಯ ಲೆಕ್ಕದಲ್ಲಿ ಇದು ನಷ್ಟದ ವ್ಯಾಪಾರವೂ ಅಲ್ಲ.

ಮಾಡಿದ ಬದಲಾವಣೆ ಎರಡು. ಜಾಗದ ಕ್ರಮವನ್ನು ಮೊದಲೇ ಚೀಟಿಯಲ್ಲಿ ಬರೆದಿಡುವುದು: ಎರಡೂ ಬದಿಗೆ ಸಮಪಾಲು, ಒಂದೇ ಬದಿ ಸಾಲಾಗಿ ಮೂರಕ್ಕಿಂತ ಹೆಚ್ಚಿಲ್ಲ (ಇಂಥ ಎರಡರಲ್ಲೊಂದು ಆರಿಸುವ ಪ್ರಯೋಗಗಳಿಗೆಂದೇ ಮಾಡಿದ ಕ್ರಮಪಟ್ಟಿ, 1933ರ ಗೆಲ್ಲರ್‌ಮನ್ ಸರಣಿಯ ನಿಯಮಗಳಲ್ಲಿ ಇವೂ ಸೇರಿವೆ). ಎರಡನೆಯದು, ತಪ್ಪಿದರೆ ಹಲಗೆಯನ್ನು 5 ಸೆಕೆಂಡು ಮುಚ್ಚಿ, ಅದೇ ಜೋಡಣೆಯನ್ನು ಮತ್ತೆ ತೋರಿಸುವುದು, ಕೆಂಪು ಕುಕ್ಕುವ ತನಕ. ಆಗ ಬಲಗಡೆಯನ್ನೇ ಹಿಡಿದು ಕೂತರೆ ಕಾಳಿಲ್ಲ. ಹೀಗೆ ಮತ್ತೆ ತೋರಿಸಿದ್ದನ್ನು ಅಂಕಕ್ಕೆ ಸೇರಿಸಬಾರದು. ಗದರುವುದಂತೂ ಬೇಡವೇ ಬೇಡ. ಹೆದರಿದ ಕೋಳಿ ಮೇಜು ಬಿಟ್ಟು ಇಳಿಯುವುದನ್ನಷ್ಟೇ ಕಲಿಯುತ್ತದೆ.

ಕಾಳಿನ ಬಟ್ಟಲು ಈಗ ಹಲಗೆಯ ಹಿಂದೆ, ನಟ್ಟನಡುವೆ. ಕೈ ಒಂದು ಬದಿಗೆ ವಾಲಿದರೂ ಕೋಳಿ ಅದನ್ನೇ ಓದಿಕೊಳ್ಳುತ್ತದೆ. ಲೆಕ್ಕ ಮಾಡುತ್ತದೆಂದು ಹೆಸರಾಗಿದ್ದ ಕುದುರೆ ಹ್ಯಾನ್ಸ್ ಪ್ರಶ್ನೆ ಕೇಳುವವರ ಮೈಯ ಚಲನೆ ನೋಡಿ ಉತ್ತರಿಸುತ್ತಿತ್ತೆಂದು ಜರ್ಮನಿಯ ಆಸ್ಕರ್ ಫುಂಗ್ಸ್ಟ್ 1907ರಲ್ಲಿ ಪತ್ತೆಹಚ್ಚಿದ್ದ.

ಅಂಕ 8 ದಾಟಿ ನಿಂತ ಮೇಲೆ ತಿಳಿ ನೀಲಿ, ಗಾಢ ನೀಲಿ ಎರಡನ್ನೂ ಬೆರೆಸಬೇಕು. ಇಲ್ಲದಿದ್ದರೆ ಅದು ನೋಡುತ್ತಿರುವುದು ಬಣ್ಣವನ್ನೋ ಬರೀ ಹೊಳಪನ್ನೋ ತಿಳಿಯದು. ಅಲ್ಲಿಯವರೆಗೆ ಪ್ರತಿ ಸರಿ ಕುಕ್ಕಿಗೂ ಕಾಳು. ಈಗಲೇ ಕೈ ಬಿಗಿ ಮಾಡಿ ಸರಿ ಕುಕ್ಕಿಗೂ ಅರ್ಧ ಸಲ ಮಾತ್ರ ಕಾಳು ಕೊಟ್ಟರೆ, ಕೆಂಪು ಕುಕ್ಕಿದರೆ ಅರ್ಧ, ಬಲಗಡೆ ಕುಕ್ಕಿದರೆ ಕಾಲು ಎಂದಾಗಿ ಕೋಳಿಗೆ ಎರಡರ ವ್ಯತ್ಯಾಸ ಕಡಿಮೆಯಾಗುತ್ತದೆ.