ಸಾಲು ತಪ್ಪಿದ ಕಬ್ಬಿಣ

ಒಂದೇ ಅಳತೆಯ ಎರಡು ಮ್ಯಾಗ್ನಟೈಟ್ (ಕಾಂತಗುಣವುಳ್ಳ ಕಬ್ಬಿಣದ ಆಕ್ಸೈಡ್) ನ್ಯಾನೊಕಣಗಳು ಹೊರಗಿನ ಕಾಂತಕ್ಷೇತ್ರಕ್ಕೆ ಒಂದೇ ರೀತಿ ಓಗೊಡುತ್ತವೆ ಎಂದು ಬಹುಕಾಲ ನಂಬಿದ್ದೆ. ಕಾಂತದಿಕ್ಕು ತಿರುಗಿಬೀಳಲು ದಾಟಬೇಕಾದ ಶಕ್ತಿಯ ತಡೆ ಕಣದ ಘನಗಾತ್ರದೊಂದಿಗೆ ಏರುತ್ತದೆ. ವ್ಯಾಸ 10 ನ್ಯಾನೊಮೀಟರಿನಿಂದ 12ಕ್ಕೆ ಹೋದರೆ ಘನಗಾತ್ರ ಸುಮಾರು 1.7 ಪಟ್ಟಾಗುತ್ತದೆ. ಲೆಕ್ಕವೇನೋ ಸರಿ, ಆದರೆ ಅದು ಕಣದೊಳಗೆ ಒಂದೂ ದೋಷವಿಲ್ಲವೆಂದು ಭಾವಿಸಿಕೊಂಡಿದೆ.

ನನ್ನನ್ನು ಹೆಚ್ಚು ಕಾಡಿದ ದೋಷ ಆಂಟಿಫೇಸ್ ಗಡಿ. ಇಬ್ಬರು ಕೆಲಸಗಾರರು ಎರಡು ತುದಿಗಳಿಂದ ನೆಲಕ್ಕೆ ಟೈಲ್ಸ್ ಕೂರಿಸುತ್ತ ಬಂದರೆ, ನಡುವೆ ಅಂಚುಗಳು ಸರಿಯಾಗಿ ಕೂಡಿಕೊಂಡರೂ ಚಿತ್ತಾರ ಕೂಡದೆ ಹೋಗಬಹುದಷ್ಟೆ. ಇಲ್ಲಿಯೂ ಆಕ್ಸಿಜನ್ ಅಯಾನುಗಳ ಜೋಡಣೆ ಎಲ್ಲಿಯೂ ಕಡಿಯದೆ ಸಾಗುತ್ತದೆ, ಅವುಗಳ ನಡುವಿನ ಕಬ್ಬಿಣದ ಸಾಲು ಮಾತ್ರ ಗಡಿಯಲ್ಲಿ ಪಲ್ಲಟವಾಗಿರುತ್ತದೆ. ಮೊದಲು ವುಸ್ಟೈಟ್ (ಆಕ್ಸಿಜನ್ ಕಡಿಮೆ ಇರುವ ಇನ್ನೊಂದು ಕಬ್ಬಿಣದ ಆಕ್ಸೈಡ್) ಆಗಿ ಬೆಳೆದ ಕಣ ಆಮೇಲೆ ಉತ್ಕರ್ಷಣಗೊಂಡು ಮ್ಯಾಗ್ನಟೈಟ್ ಆಗುವಾಗ, ಬೇರೆ ಬೇರೆ ಕಡೆ ಮೊಳೆತ ಭಾಗಗಳು ಹೀಗೆ ಎದುರಾಗುತ್ತವೆ. ಗಡಿಯಲ್ಲಿ ಕಬ್ಬಿಣ, ಆಕ್ಸಿಜನ್, ಕಬ್ಬಿಣ ನೇರ ಗೆರೆಯಲ್ಲಿ ಬಂದ ಕಡೆ ಎರಡು ಬದಿಯ ಕಾಂತದಿಕ್ಕುಗಳು ಪರಸ್ಪರ ವಿರುದ್ಧವಾಗಿ ನಿಲ್ಲಲು ಒಲಿಯುವುದರಿಂದ ಕಣದ ಒಟ್ಟು ಕಾಂತತೆ ಕುಗ್ಗುತ್ತದೆ.

ಹೋದ ವಾರ ಇಂಥದೊಂದು ಕಣವನ್ನು ನಿರ್ದೋಷವೆಂದು ಗುರುತು ಹಾಕಿಕೊಂಡಿದ್ದೆ, ಏಕೆಂದರೆ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರದಲ್ಲಿ ಪರಮಾಣುಗಳ ಸಾಲುಗಳು ಅಷ್ಟು ಅಚ್ಚುಕಟ್ಟಾಗಿದ್ದವು. ಮರುದಿನ ಅದೇ ಚಿತ್ರದ ಫೂರಿಯೆ ರೂಪದಲ್ಲಿ, ಎಂದರೆ ಸಮಾನ ಅಂತರದ ಗೆರೆಗಳ ಒಂದೊಂದು ತಂಡವೂ ಒಂದು ಜೊತೆ ಬಿಂದುಗಳಾಗಿ ಕಾಣುವ ರೂಪದಲ್ಲಿ, 220 ಗುಂಪಿನ (ಇಂಥ ಅಂಕಿಗಳು ಹರಳಿನ ಪರಮಾಣು ಪದರಗಳ ಹೆಸರು) ಒಂದು ಜೊತೆ ಬಿಂದುಗಳನ್ನಷ್ಟೇ ಉಳಿಸಿ ಚಿತ್ರವನ್ನು ಮರಳಿ ಕಟ್ಟಿದೆ. ಈ ಬಿಂದುಗಳು ಚತುರ್ಮುಖಿ ಸ್ಥಾನದ, ಎಂದರೆ ನಾಲ್ಕು ಆಕ್ಸಿಜನ್‌ಗಳ ನಡುವೆ ಕೂತ, ಕಬ್ಬಿಣದಿಂದ ಮಾತ್ರ ಹುಟ್ಟುವಂಥವು. ಸುಮಾರು 0.297 ನ್ಯಾನೊಮೀಟರ್ ಅಂತರದ ಗೆರೆಗಳು ಕಣದ ನಟ್ಟನಡುವೆ ಅರ್ಧ ಅಂತರ ಸರಿದು ನಿಂತಿದ್ದವು. ಆಕ್ಸಿಜನ್ ಜೋಡಣೆಯನ್ನೂ ತೋರಿಸುವ 440 ಬಿಂದುಗಳ ಗೆರೆಗಳಾದರೋ ಏನೂ ನಡೆದೇ ಇಲ್ಲವೆಂಬಂತೆ ಸಾಗಿದ್ದವು. 220 ಗುಂಪಿನಲ್ಲಿಯೇ ಪಲ್ಲಟವನ್ನು ತೋರಿಸದ ಬಿಂದುಗಳೂ ಇವೆ. ಗಡಿ ಇಲೆಕ್ಟ್ರಾನ್ ಕಿರಣಕ್ಕೆ ಓರೆಯಾಗಿದ್ದರೆ ಎರಡು ಬದಿಗಳೂ ಒಂದರ ಮೇಲೊಂದು ಬಿದ್ದು ಚಿತ್ರ ಮಸುಕಾಗುತ್ತದೆ. ಆದ್ದರಿಂದ ಒಂದೇ ಚಿತ್ರ ನೋಡಿ ದೋಷವಿಲ್ಲವೆಂದು ಬರೆಯುವುದನ್ನು ಈಗ ಬಿಟ್ಟಿದ್ದೇನೆ.

ಇನ್ನೊಂದು ತೊಡಕು ಉಪಕರಣದ್ದೇ. ಪರಮಾಣುಗಳನ್ನು ತೋರಿಸುವ ವಸ್ತುಮಸೂರದ ಕ್ಷೇತ್ರ ಸುಮಾರು 2 ಟೆಸ್ಲಾ ಇರುತ್ತದೆ. ಅಂಥ ಕ್ಷೇತ್ರದಲ್ಲಿ ಪುಟ್ಟ ಕಣದ ಕಾಂತದಿಕ್ಕು ಮಸೂರ ಹೇಳಿದತ್ತ ತಿರುಗಿಬಿಡುತ್ತದೆ. ದಿಕ್ಕು ಬದಲಾಗುವುದನ್ನು ನೋಡಬೇಕಾದರೆ ಆ ಮಸೂರವನ್ನು ಆಫ್ ಮಾಡಿ ಹೊಲೊಗ್ರಫಿಗೆ (ಇಲೆಕ್ಟ್ರಾನ್ ಅಲೆಯಲ್ಲಾಗುವ ಪಲ್ಲಟದಿಂದ ಕಾಂತಕ್ಷೇತ್ರವನ್ನು ಅಳೆಯುವ ವಿಧಾನ) ಹೋಗಬೇಕು, ಆಗ ಪರಮಾಣುಗಳ ವಿವರ ಕೈತಪ್ಪುತ್ತದೆ. ಹೀಗಾಗಿ ಮೊದಲು ಮಸೂರ ಆಫ್ ಮಾಡಿ ಕಾಂತತೆಯನ್ನು ಅಳೆದು, ಆಮೇಲೆ ಪರಮಾಣುಗಳನ್ನು ನೋಡಲು, ಕಣಗಳನ್ನು ಹೊತ್ತ ಜಾಲರಿಯ ಗುರುತಿನಿಂದ ಚೌಕಗಳನ್ನು ಎಣಿಸುತ್ತ, ಅದೇ ಕಣವನ್ನು ಮತ್ತೊಮ್ಮೆ ಹುಡುಕಿಕೊಂಡು ಹೋಗುತ್ತೇನೆ.